ಮೇಡ್ಲೇರಿ ರಸ್ತೆಯಲ್ಲಿ ಬಂದ ಕಂಬಳಿ

ಮೊಮ್ಮಗಳು ತಂಗಿಗೆ,

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆ ನಿಮ್ಮ ಕಾಲದಾಗ ಹೆಂಗಿತ್ತು ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಮಣ್ಣಿನ ರಸ್ತೆ, ಮಳೆಗಾಲದಲ್ಲಿ ಎರೆಯ ಕೆಸರು, ಎರಡೂ ಮಗ್ಗಲು ಜಾಲಿ ಗಿಡ. ಇಷ್ಟು ಹೇಳಿದರೆ ನಿನಗೆ ಏನೂ ಹೇಳಿದಂತಾಗುವುದಿಲ್ಲ. ಆ ರಸ್ತೆಯ ಮೇಲೆ ಪೇಟೆಗೆ ಏನು ಬರುತ್ತಿತ್ತು ಎಂಬುದನ್ನೇ ಹೇಳುತ್ತೇನೆ. ಸಂತೆಯ ದಿನ ಕೋಳಿ ಕೂಗುವ ಮೊದಲೇ ನಮ್ಮೂರಿನ ಕಂಬಳಿ ಹೊರಡುತ್ತಿತ್ತು. ಚಕ್ಕಡಿ ಇದ್ದವರು ಚಕ್ಕಡಿ ಹೂಡುತ್ತಿದ್ದರು, ಇಲ್ಲದವರು ತಲೆಯ ಮೇಲೆ ಹೊರೆ ಇಟ್ಟು ನಡೆಯುತ್ತಿದ್ದರು. ನಮ್ಮಪ್ಪನ ಹಿಂದೆ ನಾನೂ ಬುತ್ತಿಗಂಟು ಹಿಡಿದು ಓಡುತ್ತಿದ್ದೆ. ಪೇಟೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು.

ಆದರೆ ಆ ಹೊರೆ ಹುಟ್ಟುತ್ತಿದ್ದದ್ದು ನಮ್ಮ ಮೇಡ್ಲೇರಿಯ ಓಣಿಯಲ್ಲಿ, ಮನೆಯೊಳಗಲ್ಲ, ನಡುಬೀದಿಯಲ್ಲಿ. ಕುರಿಯ ಮೈಯಿಂದ ಕತ್ತರಿಸಿದ ಉಣ್ಣೆಯನ್ನು ಎಕ್ಕಿ ಹಂಜಿ ಮಾಡುವುದು, ಹಂಜಿಯಿಂದ ನೂಲು ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ನಿನ್ನ ಮುತ್ತಜ್ಜಿ ಮಾತಾಡುತ್ತಲೇ ರಾಟಿ ತಿರುವುತ್ತಿದ್ದಳು. ಒಂದು ಎಳೆ ಹರಿದರೂ ಆಕೆಯ ಬೆರಳಿಗೆ ಗೊತ್ತಾಗುತ್ತಿತ್ತು, ಕಣ್ಣಿಗೆ ಆಮೇಲೆ. ನೂಲು ಸಿದ್ಧವಾದ ಮೇಲೆ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಓಣಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಹುಣಸೆ ಬೀಜವನ್ನು ನೆನೆಹಾಕಿ, ರುಬ್ಬಿ, ಕುದಿಸಿದ ಸರಿಯನ್ನು ಕುಂಚದಿಂದ ಹಚ್ಚಿ, ಬಿಸಿಲಿಗೆ ಒಣಗಿಸಬೇಕು. ಸರಿ ತಿಂದ ನೂಲು ಬಿಗಿಯಾಗುತ್ತದೆ, ಮಗ್ಗದ ಏಟಿಗೆ ಹರಿಯುವುದಿಲ್ಲ. ಮೋಡ ಕಂಡರೆ ಇಡೀ ಓಣಿ ಹೊರಗೆ ಬರುತ್ತಿತ್ತು. ಯಾರ ಮನೆಯ ಹಾಸು ಎಂದು ನೋಡುತ್ತಿರಲಿಲ್ಲ, ಎಲ್ಲರೂ ಕೈ ಹಚ್ಚಿ ಸುತ್ತುತ್ತಿದ್ದರು. ಚಕ್ಕಡಿಯವರು ಹಾಸು ಕಂಡರೆ ಎತ್ತು ತಿರುಗಿಸಿ ಬೇರೆ ದಾರಿ ಹಿಡಿಯುತ್ತಿದ್ದರು. ಯಾರೂ ಜಗಳಕ್ಕೆ ಬಂದದ್ದು ನನಗೆ ನೆನಪಿಲ್ಲ. ಬೀದಿ ದುಡಿಯುವವರದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆಮೇಲೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಗಂಡಸರು ನೇಯುತ್ತಿದ್ದರು.

ಕೊಳ್ಳಲು ಬರುತ್ತಿದ್ದವರು ಹಿರೇಕೆರೂರು, ಹಾನಗಲ್ಲ ಕಡೆಯ ರೈತರು. ಅಲ್ಲಿ ಮಳೆ ಜಾಸ್ತಿ, ಕಂಬಳಿ ಕೊಪ್ಪೆ ಇಲ್ಲದೆ ಗದ್ದೆಗೆ ಇಳಿಯಲಾಗುತ್ತಿರಲಿಲ್ಲ. ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗುವ ಮೈಲಾರಲಿಂಗನ ಭಕ್ತರಾದ ಗೊರವಪ್ಪಗಳಿಗೂ ಕರೀ ಕಂಬಳಿಯೇ ಬೇಕು. ನೆನಪಿಡು, ಆಗ ನಮ್ಮದು ಧಾರವಾಡ ಜಿಲ್ಲೆ, ಮುಂಬಯಿ ಸರಕಾರ. ತುಂಗಭದ್ರೆ ದಾಟಿದರೆ ಹರಿಹರ, ಅದು ಮೈಸೂರು. ಹೊಳೆಯಾಚೆಯ ಮೈಲಾರ ಆಗ ಬಳ್ಳಾರಿ ಜಿಲ್ಲೆಯದು, 1953ರ ತನಕ ಮದರಾಸಿನದು. ಒಂದೇ ಮಾತಾಡುವ, ಒಂದೇ ದೇವರಿಗೆ ಭಂಡಾರ ಹಚ್ಚುವ ಮಂದಿ ಮೂರು ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದರು. 1956ರ ನವೆಂಬರ್ 1ರಂದು ಅವರೆಲ್ಲ ಒಂದೇ ರಾಜ್ಯದವರಾದರು. ನಮ್ಮ ಮಾಸ್ತರು ಅಂದು ಕಣ್ಣೀರು ಒರೆಸಿಕೊಂಡರು. ಅದರ ಬೆಲೆ ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ಮರುವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ನಾಲ್ಕಾಣೆಗೆ 25, ಅದು ಸರಿ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ ಮಾತ್ರ 19! ಕಂಬಳಿ ಮಾರಿ ಚಿಲ್ಲರೆ ಎಣಿಸುವಾಗ ನಮ್ಮಪ್ಪ ನನ್ನ ಮುಖ ನೋಡುತ್ತಿದ್ದ. ಸಾಲಿ ಕಲಿತದ್ದಕ್ಕೆ ನನಗೆ ಮೊದಲ ಮರ್ಯಾದೆ ಸಿಕ್ಕದ್ದು ಆ ಪೇಟೆಯಲ್ಲೇ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ಹೇಳಲು ಸಂಕಟವಾಗುತ್ತದೆ. ಪಾನಿಪತ್ತಿನ ಗಿರಣಿಗಳಲ್ಲಿ ಹಳೇ ಉಣ್ಣೆ ಬಟ್ಟೆ ಸೀಳಿ ಮಾಡಿದ ಅಗ್ಗದ ಹೊದಿಕೆಗಳು ಬಂದವು, ಹೊಲಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಕುರಿ ಸಾಕುವವರೂ ಮಾಂಸದ ತೂಕ ನೋಡಿ ಕೆಂಗುರಿ, ಎಳಗ ತಳಿಗಳ ಕಡೆ ತಿರುಗಿದರು. ಒರಟು ಉಣ್ಣೆಯ ಕರೀ ದಖನಿ ಕುರಿ ಕಡಿಮೆಯಾಯಿತು. ಅವರನ್ನು ನಾನು ಬೈಯುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಆದರೆ ಉಣ್ಣೆಯನ್ನು ಕೇಳುವವರಿಲ್ಲದೆ ತಿಪ್ಪೆಗೆ ಚೆಲ್ಲುವುದನ್ನು ಕಂಡರೆ ಮಾತ್ರ ತಡೆಯಲಾಗುವುದಿಲ್ಲ.

ತಂಗಿ, ಇಷ್ಟೆಲ್ಲ ಬರೆದದ್ದು ನೀನು ಮರುಗಲಿ ಎಂದಲ್ಲ. ನೀನು ಬಟ್ಟೆಯ ವಿನ್ಯಾಸ ಕಲಿಯುತ್ತಿದ್ದೀಯ. ದೂರದ ದೇಶದ ನೇಯ್ಗೆಯನ್ನು ಪುಸ್ತಕದಲ್ಲಿ ಓದುವಾಗ ನಿಮ್ಮೂರಿನದೂ ನಿನ್ನ ಕೈಗೆ ಬರಲಿ ಎಂಬುದು ನನ್ನ ಆಸೆ. ಹುಣಸೆ ಬೀಜದ ಸರಿ ಎಷ್ಟು ಗಟ್ಟಿ ಇರಬೇಕು, ಕುಂಚ ಯಾವ ಕಡೆಗೆ ಎಳೆಯಬೇಕು ಎಂಬುದನ್ನು ನಾನು ಕಂಡಂತೆ ಯಾರೂ ಬರೆದಿಟ್ಟಿಲ್ಲ. ಬಲ್ಲವರು ಊರಲ್ಲಿ ಇನ್ನೂ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಫೋಟೋ ತೆಗೆದರೆ ಸಾಲದು, ಅವರ ಮಗ್ಗುಲಿಗೆ ಕೂತು ನೂಲು ಹಿಡಿಯಬೇಕು.

ದೀಪಾವಳಿಗೆ ಬಂದಾಗ ನಾಲ್ಕು ದಿನ ಹೆಚ್ಚು ಇರುವ ಹಾಗೆ ರಜೆ ಕೇಳು. ಹುಣಸೆ ಬೀಜ ನಾನು ಕೂಡಿಸಿ ಇಟ್ಟಿದ್ದೇನೆ, ನೋಟುಬುಕ್ಕು ನೀನು ತಾ. ಮೊದಲು ಹಿಂದಿನ ಓಣಿಯ ಆಯಿಯ ಹತ್ತಿರ ಹೋಗೋಣ. ಮಧ್ಯಾಹ್ನವಾದರೆ ಆಕೆ ಮಲಗಿಬಿಡುತ್ತಾಳೆ, ಬೆಳಿಗ್ಗೆ ಬೇಗ ಏಳಬೇಕು.

ನಿನ್ನ ಪ್ರೀತಿಯ
ಅಜ್ಜ
ಮೇಡ್ಲೇರಿ