ಅಮೆರಿಕದಲ್ಲಿ ಮಕ್ಕಳ ಇಂಟರ್ನ್‌ಶಿಪ್: ವೇತನ ಚೀಟಿಯಲ್ಲಿ ಗಮನಿಸತಕ್ಕ ಅಂಶಗಳು

ನಮ್ಮ ಸದಸ್ಯರಲ್ಲಿ ಕೆಲವರ ಮಕ್ಕಳು ಎಫ್-1 ವೀಸಾದ ಮೇಲೆ ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿದ್ದಾರೆ. ವಿಶ್ವವಿದ್ಯಾಲಯದ ಉದ್ಯೋಗ ಮೇಳದಲ್ಲಿ ಕಂಪನಿಯೊಂದು ಇಂಟರ್ನ್‌ಶಿಪ್ ನೀಡಲು ಒಪ್ಪಿದ ಮಾತ್ರಕ್ಕೆ ಕೆಲಸಕ್ಕೆ ಸೇರುವಂತಿಲ್ಲ. ವ್ಯಾಸಂಗದ ಅವಧಿಯಲ್ಲಾದರೆ ಸಿ.ಪಿ.ಟಿ. ಎಂಬ ಅನುಮತಿಯು ಕಂಪನಿಯ ಹೆಸರು ಹಾಗೂ ದಿನಾಂಕಗಳ ಸಹಿತ ಐ-20 ಪತ್ರದಲ್ಲಿ ಮೊದಲೇ ನಮೂದಾಗಿರಬೇಕು. ಒಂದು ದಿನ ಮುಂಚಿತವಾಗಿ ಸೇರಿದರೂ ಅದು ಅನಧಿಕೃತ ಉದ್ಯೋಗವೇ. ಪೂರ್ಣಾವಧಿ ಸಿ.ಪಿ.ಟಿ. 12 ತಿಂಗಳು ತುಂಬಿತೆಂದರೆ, ಅದೇ ಹಂತದ ಪದವಿಯ ನಂತರ ದೊರೆಯಬೇಕಾದ ಓ.ಪಿ.ಟಿ. ಕೈತಪ್ಪುತ್ತದೆ.

ಇನ್ನು ಲೆಕ್ಕದ ವಿಚಾರ. ಮೊದಲ ವೇತನ ಚೀಟಿ ಬಂದೊಡನೆ ಸೋಷಿಯಲ್ ಸೆಕ್ಯೂರಿಟಿ ಶೇ. 6.2 ಮತ್ತು ಮೆಡಿಕೇರ್ ಶೇ. 1.45 ಕಡಿತವಾಗಿದೆಯೇ ಎಂದು ಪರಿಶೀಲಿಸಬೇಕು. ಎಫ್-1 ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷಗಳಲ್ಲಿ ಇವೆರಡೂ ಅನ್ವಯಿಸುವುದಿಲ್ಲ. (ಡಿಸೆಂಬರ್‌ನಲ್ಲಿ ಹೋಗಿ ಇಳಿದರೂ ಅದು ಪೂರ್ತಿ ಒಂದು ವರ್ಷವೆಂದೇ ಗಣನೆ.) ಮಾಸಿಕ 3,000 ಡಾಲರ್ ವೇತನವಿದ್ದಲ್ಲಿ ಈ ಕಡಿತ 229.50 ಡಾಲರ್, ಮೂರು ತಿಂಗಳಿಗೆ 688.50 ಡಾಲರ್. ನಮ್ಮ ರೂಪಾಯಿಯಲ್ಲಿ ಇದು ಅಲ್ಪ ಮೊತ್ತವಲ್ಲ. ತಪ್ಪಾಗಿ ಕಡಿತವಾಗಿದ್ದಲ್ಲಿ ಮೊದಲು ಕಂಪನಿಯನ್ನೇ ಕೇಳತಕ್ಕದ್ದು. ಅಲ್ಲಿ ಮರುಪಾವತಿ ಆಗದಿದ್ದರೆ ಫಾರ್ಮ್ 843ರ ಮೂಲಕ ತೆರಿಗೆ ಇಲಾಖೆಗೆ ಅರ್ಜಿ ಸಲ್ಲಿಸಬಹುದು.

ಆದಾಯ ತೆರಿಗೆಗೆ ಈ ವಿನಾಯಿತಿ ಇಲ್ಲ. ಆದರೆ ಅನಿವಾಸಿಗಳಿಗೆ ಸಾಮಾನ್ಯವಾಗಿ ದೊರೆಯದ ಸ್ಟ್ಯಾಂಡರ್ಡ್ ಡಿಡಕ್ಷನ್, 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯನ್ವಯ ನಮ್ಮ ವಿದ್ಯಾರ್ಥಿಗಳಿಗೆ ಲಭ್ಯವಿದೆ. ಅವಿವಾಹಿತರಿಗೆ 2025ರ ಆದಾಯದ ಮೇಲೆ ಅದು 15,750 ಡಾಲರ್. ರಿಟರ್ನನ್ನು ಫಾರ್ಮ್ 1040-ಎನ್‌ಆರ್‌ನಲ್ಲಿಯೇ ಸಲ್ಲಿಸಬೇಕು, ನಿವಾಸಿಗಳ 1040ರಲ್ಲಿ ಅಲ್ಲ. ಜೊತೆಗೆ ಫಾರ್ಮ್ 8843 ಇರಲಿ. ಆದಾಯವೇ ಇಲ್ಲದ ವಿದ್ಯಾರ್ಥಿಯೂ ಇದನ್ನು ಸಲ್ಲಿಸತಕ್ಕದ್ದು.