ಅಮೆರಿಕದ ಎಮರ್ಜೆನ್ಸಿ ಬಿಲ್ಲು: ಕಟ್ಟುವ ಮೊದಲು ಕೇಳಿ

ಪ್ರಶ್ನೆ: ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ರಾತ್ರಿ ಎದೆ ಹಿಡಿದಂತಾಗಿ ಎಮರ್ಜೆನ್ಸಿಗೆ ಹೋದೆ. ಇಸಿಜಿ, ರಕ್ತಪರೀಕ್ಷೆ ಮಾಡಿ, ಹೃದಯಕ್ಕೇನೂ ಆಗಿಲ್ಲವೆಂದು ಬೆಳಗಿನ ಜಾವ ಕಳಿಸಿದರು. ಮೈಸೂರಿಗೆ ಮರಳಿದ ಮೇಲೆ ಬೇರೆ ಬೇರೆ ಹೆಸರಿನಲ್ಲಿ ಸಾವಿರಾರು ಡಾಲರ್‌ಗಳ ಬಿಲ್ಲು ಬರುತ್ತಿವೆ. ಪ್ರವಾಸಿ ವಿಮೆಯಿಂದ ಬಂದದ್ದು ಸ್ವಲ್ಪವೇ. ಬಿಲ್ಲನ್ನು ಪ್ರಶ್ನಿಸಬಹುದೇ? ಮಗಳಿಗೆ ತೊಂದರೆಯಾದೀತೇ?

ಉತ್ತರ: ಖಂಡಿತ ಪ್ರಶ್ನಿಸಬಹುದು. ಅಂದು ಆಸ್ಪತ್ರೆಗೆ ಹೋದದ್ದೂ ಸರಿಯೇ. ದುಡ್ಡಿನ ಭಯಕ್ಕೆ ಎದೆನೋವನ್ನು ಸಹಿಸಿಕೊಂಡು ಕೂರುವ ಅಪ್ಪ ಅಮ್ಮಂದಿರನ್ನು ನೆನೆದರೆ ಸಂಕಟವಾಗುತ್ತದೆ.

ಬಿಲ್ಲುಗಳು ಹಲವು ಇರುವುದೇ ತಪ್ಪಲ್ಲ. ಅಲ್ಲಿ ಕೋಣೆ, ನರ್ಸ್, ಉಪಕರಣಗಳಿಗೆ ಆಸ್ಪತ್ರೆಯ ಬಿಲ್ಲು ಒಂದು. ನಿಮ್ಮನ್ನು ನೋಡಿದ ವೈದ್ಯರು ಎಷ್ಟೋ ಸಲ ಬೇರೆ ಸಂಸ್ಥೆಯವರು, ಅವರದು ಇನ್ನೊಂದು. ಒಂದನ್ನು ತೀರಿಸಿದರೆ ಉಳಿದವು ತೀರುವುದಿಲ್ಲ, ತಕರಾರನ್ನೂ ಪ್ರತಿಯೊಂದಕ್ಕೂ ಬೇರೆಯಾಗಿಯೇ ಎತ್ತಬೇಕು.

ಮೊದಲು ಪ್ರತಿ ಬಾಬತ್ತಿನ ವಿವರವಿರುವ ಬಿಲ್ಲು ತರಿಸಿಕೊಳ್ಳಿ. ಹಿಪ್ಪಾ ಎಂಬ 1996ರ ಕಾಯ್ದೆಯ ನಿಯಮಗಳಡಿ ಚಿಕಿತ್ಸೆಯ ದಾಖಲೆಯಂತೆ ಬಿಲ್ಲಿನ ದಾಖಲೆಯನ್ನೂ ಪಡೆಯುವ ಹಕ್ಕು ರೋಗಿಗಿದೆ. ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು. ಇದೇ ಕಾಯ್ದೆಯ ಕಾರಣಕ್ಕೆ ಮಗಳು ಫೋನ್ ಮಾಡಿದರೆ ಬಿಲ್ಲಿಂಗ್ ವಿಭಾಗದವರು ಮಾತಾಡಲು ಒಪ್ಪದೆಯೂ ಇರಬಹುದು. ನಿಮ್ಮ ಸಹಿಯಿರುವ ಒಪ್ಪಿಗೆ ಪತ್ರವನ್ನು ಮೊದಲೇ ಕಳಿಸಿಬಿಡಿ.

ಆ ವಿವರದಲ್ಲಿ 99281ರಿಂದ 99285ರವರೆಗಿನ ಯಾವುದಾದರೊಂದು ಸಂಖ್ಯೆಯನ್ನು ಹುಡುಕಿ. ಎಮರ್ಜೆನ್ಸಿ ಭೇಟಿಗೆ ಹೀಗೆ ಐದು ಹಂತಗಳಿವೆ. ಸಂಖ್ಯೆ ಏರಿದಂತೆ ದರವೂ ಏರುತ್ತದೆ. ವೈದ್ಯರ ಬಿಲ್ಲಿನ ಹಂತಕ್ಕೆ ದೇಶಕ್ಕೆಲ್ಲ ಒಂದೇ ಅಳತೆಯಿದೆ. ಆಸ್ಪತ್ರೆಯ ಬಿಲ್ಲಿನ ಹಂತವನ್ನು ಮಾತ್ರ ಆಯಾ ಆಸ್ಪತ್ರೆಯೇ ರೂಪಿಸಿಕೊಂಡ ಮಾನದಂಡದಿಂದ ನಿರ್ಧರಿಸುತ್ತಾರೆ. ನನ್ನ ಪ್ರಕಾರ ನೀವು ಬಲವಾಗಿ ಹಿಡಿಯಬೇಕಾದ ಜಾಗ ಇದೇ. ಯಾವ ಆಧಾರದ ಮೇಲೆ ಈ ಹಂತ ಹಾಕಿದ್ದೀರಿ ಎಂದು ಲಿಖಿತವಾಗಿ ಕೇಳಿ, ಕೋಡ್‌ನ ಮರುಪರಿಶೀಲನೆಗೆ ಒತ್ತಾಯಿಸಿ. ಆದರೆ 'ಕೊನೆಗೆ ಏನೂ ಇರಲಿಲ್ಲವಲ್ಲ' ಎಂಬ ವಾದ ನಿಲ್ಲುವುದಿಲ್ಲ. ಎದೆನೋವೆಂದು ಬಂದವರನ್ನು ಹೃದಯಾಘಾತದ ಅನುಮಾನದಿಂದಲೇ ನೋಡಬೇಕು, ಅದಕ್ಕೆ ಮೇಲಿನ ಹಂತ ನ್ಯಾಯವೇ ಆಗಿರಬಹುದು. ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಎರಡು ಸಲ ನಮೂದಾಗಿದ್ದರೂ ಗಾಬರಿ ಬೇಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡುವುದು ವಾಡಿಕೆ. ಕೊಡದ ಔಷಧ, ಮಾಡದ ಸ್ಕ್ಯಾನ್ ಇದ್ದರೆ ಅದನ್ನು ಬಿಡಬೇಡಿ.

ಇನ್ನು ದರ. ಬಿಲ್ಲಿನಲ್ಲಿರುವುದು ಬಹುಮಟ್ಟಿಗೆ ಆಸ್ಪತ್ರೆಯ ಪಟ್ಟಿ ದರ. ಚೌಕಾಸಿ ಮಾಡಿಕೊಂಡ ವಿಮಾ ಕಂಪನಿಗಳು ಸಾಮಾನ್ಯವಾಗಿ ಅಷ್ಟು ಕೊಡುವುದಿಲ್ಲ. 2021ರ ಜನವರಿಯಿಂದ ಆಸ್ಪತ್ರೆಗಳು ತಮ್ಮ ದರಗಳನ್ನೂ, ಕೈಯಿಂದ ಕಟ್ಟುವವರಿಗೆ ರಿಯಾಯಿತಿ ದರವಿದ್ದರೆ ಅದನ್ನೂ ಪ್ರಕಟಿಸಬೇಕು. ಅದನ್ನು ಮುಂದಿಟ್ಟುಕೊಂಡು ಸಂಕೋಚವಿಲ್ಲದೆ ಚೌಕಾಸಿ ಮಾಡಿ. ಲಾಭರಹಿತ ಆಸ್ಪತ್ರೆಯಾದರೆ ತೆರಿಗೆ ವಿನಾಯಿತಿಯ ಷರತ್ತಾಗಿ ಅದು ಆರ್ಥಿಕ ನೆರವಿನ ನೀತಿ ಇಟ್ಟುಕೊಂಡಿರಲೇಬೇಕು. ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ಸ್ವೀಕರಿಸಬೇಕು. ಯಾರಿಗೆ ನೆರವು ಎಂಬುದು ಆಯಾ ಆಸ್ಪತ್ರೆಯ ನೀತಿ, ಕೆಲವು ಕಡೆ ಅಲ್ಲಿನ ನಿವಾಸಿಗಳಿಗಷ್ಟೇ. ಆದರೂ ಅರ್ಜಿ ಹಾಕಿ.

2022ರಲ್ಲಿ ಜಾರಿಗೆ ಬಂದ 'ನೋ ಸರ್‌ಪ್ರೈಸಸ್' ಕಾಯ್ದೆಯನ್ನು ನಿಮಗೆ ಯಾರಾದರೂ ಸೂಚಿಸಬಹುದು. ವಿಮೆಯಿದ್ದೂ ಬರುವ ಹೆಚ್ಚುವರಿ ಎಮರ್ಜೆನ್ಸಿ ಬಿಲ್ಲಿನಿಂದ ಅದು ಕೊಡುವ ರಕ್ಷಣೆ ಪ್ರವಾಸಿ ವಿಮೆಗೆ ಅನ್ವಯಿಸದು. ನಿಮ್ಮ ಪಾಲಿಸಿ ಪ್ರತಿ ಸೇವೆಗೆ ಇಷ್ಟೇ ಡಾಲರ್ ಎಂದು ಗೊತ್ತುಮಾಡಿದ ಬಗೆಯದೇ ನೋಡಿ. ಕಡಿಮೆ ಹಣ ಬರಲು ಕಾರಣ ಅದಿರಬಹುದು. ಹಳೆಯ ಕಾಯಿಲೆಯ ನೆಪದಲ್ಲಿ ಕಡಿತ ಮಾಡಿದ್ದರೆ ಮಾತ್ರ ಮೇಲ್ಮನವಿ ಹಾಕಿ.

ಮಗಳ ಮಾತು: ಸಾಲ ಸಾಮಾನ್ಯವಾಗಿ ರೋಗಿಯದೇ. ದಾಖಲಾಗುವಾಗ ಹಣಕ್ಕೆ ಜವಾಬ್ದಾರಳೆಂದು ಮಗಳು ಸಹಿ ಹಾಕಿದ್ದರೆ ಹಾಗಲ್ಲ, ಆ ಕಾಗದವನ್ನು ಇವತ್ತೇ ಹುಡುಕಿಸಿ. ವಿಷಯ ವಸೂಲಿ ಏಜೆನ್ಸಿಗೆ ಹೋಗಿದ್ದರೆ, ಅವರ ನೋಟಿಸ್ ಕೈಸೇರಿದ 30 ದಿನದೊಳಗೆ ಲಿಖಿತ ತಕರಾರು ಕಳಿಸಿ. ಸಾಲದ ಪುರಾವೆ ಒದಗಿಸುವ ತನಕ ಅವರು ವಸೂಲಿ ನಿಲ್ಲಿಸಲೇಬೇಕು.