ಆಹಾರ ಸುರಕ್ಷತೆ: ಉದ್ಯಮದ ಅನುಭವ ಸಂಶೋಧನೆಗೆ

ಉದ್ಯಮದಲ್ಲಿ ಪಳಗಿದವರನ್ನು ಬೋಧನೆ, ಸಂಶೋಧನೆಗೆ ಕರೆತರಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಹೊರಡಿಸಿತು. ಕನಿಷ್ಠ 15 ವರ್ಷಗಳ ಅನುಭವ ಬೇಕು, ಪಿಎಚ್‌ಡಿ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳ ಶೇ. 10ರ ಮಿತಿಯಿದೆ, ಗರಿಷ್ಠ ಅವಧಿ 4 ವರ್ಷ.

ಇದರ ಅಗತ್ಯವನ್ನು ಕಾಸರಗೋಡಿನ ‘ಕಲ್ಪರಸ’ ಚೆನ್ನಾಗಿ ತೋರಿಸುತ್ತದೆ. ತೆಂಗಿನ ಹೊಂಬಾಳೆಯಿಂದ ಒಸರುವ ರಸ ಬಿಸಿಲೇರಿದಂತೆ ಹುಳಿದು ಕಳ್ಳಾಗುತ್ತದೆ. ಹಳೆಯ ಪದ್ಧತಿಯಲ್ಲಿ ಮಡಕೆಗೆ ಸುಣ್ಣ ಬಳಿಯುತ್ತಿದ್ದರು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಮರದಲ್ಲೇ ಹೊಂಬಾಳೆಗೆ ಜೋಡಿಸಿ, ರಸ ತಣ್ಣಗೇ ಇಳಿಯುವಂತೆ ಮಾಡಿತು. ಆದರೆ ಮರದಿಂದ ಇಳಿದ ಮೇಲೆ ಸಾಗಣೆ, ಪ್ಯಾಕಿಂಗ್, ಬಾಳಿಕೆ, ಪರವಾನಗಿ ಎಲ್ಲವೂ ಬೇಕು. ಅಲ್ಲಿ ಕಾರ್ಖಾನೆ ನಡೆಸಿದವರ ಅನುಭವವೇ ದೊಡ್ಡದು.

ಕಾಸರಗೋಡು ಜಿಲ್ಲೆಯ ಕಾರಡ್ಕದಂಥ ಊರಿಗೆ ಆಹಾರ ಸುರಕ್ಷತೆ ಬರೀ ಪರೀಕ್ಷೆಯ ಅಂಕದ ವಿಷಯವಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಜಿಲ್ಲೆಯ ಪಂಚಾಯಿತಿಗಳಲ್ಲಿ ಇದೂ ಒಂದು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆಯೊಡ್ಡಿತು; ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೂ ಸೇರಿತು. ಕೀಟನಾಶಕದ ಉಳಿಕೆ ಪರೀಕ್ಷೆ ಎಷ್ಟು ಮುಖ್ಯವೆಂದು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳು ಗೊಂದಲಕ್ಕೀಡಾಗುವ ಸಂಸ್ಥೆಗಳ ಜೋಡಿ: 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ 1970ರಲ್ಲಿ ಈಗಿನ ರೂಪ ಪಡೆದ ಸಿಪಿಸಿಆರ್‌ಐ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ (ಐಸಿಎಆರ್) ಸೇರಿದ್ದು, 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನದು (ಸಿಎಸ್‌ಐಆರ್).